‘ಫ್ಯೂರಿ ರೋಡ್’ ಕಪ್ಪು-ಬಿಳುಪು ಆವೃತ್ತಿ: ಒಂದು ಸ್ಪಷ್ಟನೆ

‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಚಿತ್ರವನ್ನು ಕಪ್ಪು-ಬಿಳುಪಿನಲ್ಲೇ ಚಿತ್ರೀಕರಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಲಾಯಿತು ಎಂಬ ಸಂದೇಶವೊಂದು ಹರಿದಾಡುತ್ತಿದೆ. ನಡೆದದ್ದು ಇದಕ್ಕೆ ತದ್ವಿರುದ್ಧ. 2012ರಲ್ಲಿ ನಮೀಬಿಯಾದ ಮರಳುಗಾಡಿನಲ್ಲಿ ಡಿಜಿಟಲ್ ಕ್ಯಾಮೆರಾಗಳಿಂದ ಬಣ್ಣದಲ್ಲೇ ಚಿತ್ರೀಕರಣಗೊಂಡು, 2015ರಲ್ಲಿ ಬಣ್ಣದಲ್ಲೇ ತೆರೆಕಂಡ ಈ ಚಿತ್ರದ ವರ್ಣಗಳನ್ನು ತೆಗೆದು, ನೆರಳು-ಬೆಳಕನ್ನು ಹೊಸದಾಗಿ ಹದಗೊಳಿಸಿ ‘ಬ್ಲ್ಯಾಕ್ ಆ್ಯಂಡ್ ಕ್ರೋಮ್’ ಆವೃತ್ತಿಯನ್ನು ರೂಪಿಸಲಾಯಿತು. ಅದು 2016ರ ಕೊನೆಗೆ ಬ್ಲೂ-ರೇ ಡಿಸ್ಕಿನಲ್ಲಿ ಮನೆಗಳನ್ನು ತಲುಪಿತು.

ಕಪ್ಪು-ಬಿಳುಪಿನ ರೂಪವೇ ತಮಗೆ ಹೆಚ್ಚು ಮೆಚ್ಚು ಎಂದು ನಿರ್ದೇಶಕ ಜಾರ್ಜ್ ಮಿಲ್ಲರ್ ಹೇಳಿರುವುದು ನಿಜ (1981ರ ‘ಮ್ಯಾಡ್ ಮ್ಯಾಕ್ಸ್ 2’ಕ್ಕೆ ಹಿನ್ನೆಲೆ ಸಂಗೀತ ಕೂರಿಸುವಾಗ ಕಂಡ ಅಗ್ಗದ ಕಪ್ಪು-ಬಿಳುಪು ಪ್ರತಿಯಿಂದ ಹುಟ್ಟಿದ ಮೋಹವದು). ಅವರ ಮೆಚ್ಚಿನ ರೂಪವನ್ನೇ ಮೂಲ ರೂಪವೆಂದು ತಿಳಿದದ್ದರಿಂದ ಈ ಗೊಂದಲ ಬೆಳೆದಿರಬಹುದು. ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ.