ಮೊದಲನೇ ಮೇಷ್ಟ್ರ ಹೆಸರು ಯಾಕೆ ಹೇಳಲ್ಲ?

ಮೊನ್ನೆ ಒಂದು ಸ್ಲೈಡ್ ಗಿಟಾರ್ ಕಾರ್ಯಕ್ರಮಕ್ಕೆ ಹೋಗಿದ್ದೆ. ಗಿಟಾರ್‌ನ ಮಲಗಿಸಿಟ್ಟು, ತಂತಿ ಮೇಲೆ ಬಾರ್ ಅನ್ನೋ ಲೋಹದ ತುಂಡು ಜಾರಿಸಿ ನುಡಿಸ್ತಾರಲ್ಲ, ಅದು. ಹುಡುಗ ತುಂಬಾ ಚೆನ್ನಾಗಿ ನುಡಿಸ್ದ. ಯಮನ್ ರಾಗದ ಆಲಾಪದಲ್ಲಿ ತೀವ್ರ ಮಧ್ಯಮ ಸ್ವರದ ಮೇಲೆ ಬಾರ್ ನಿಲ್ಲಿಸಿದ ರೀತಿಗೆ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ರು ಜೋರಾಗೇ ಆಹಾ ಅಂದುಬಿಟ್ರು. ನಿರೂಪಣೆ ಮಾಡೋರು ಅವನ ಪರಿಚಯ ಓದುವಾಗ ಎರಡು ದೊಡ್ಡ ಹೆಸರು ಹೇಳಿದ್ರು, ಪ್ರಶಸ್ತಿ ಹೇಳಿದ್ರು, ಫಾರಿನ್ ಟೂರ್ ಹೇಳಿದ್ರು, ಮುಗೀತು. ನನಗೆ ಸುಮ್ನಿರಕ್ಕಾಗ್ಲಿಲ್ಲ, ಕಾರ್ಯಕ್ರಮ ಮುಗಿದ್ಮೇಲೆ ಹೋಗಿ ಕೇಳ್ದೆ, ಗಿಟಾರ್‌ನ ತೊಡೆ ಮೇಲೆ ಮಲಗಿಸಿ ನುಡಿಸಬಹುದು ಅಂತ ನಿಂಗೆ ಮೊದಲು ತೋರ್ಸಿದ್ದು ಯಾರಪ್ಪ ಅಂತ. ಹುಡುಗನ ಮುಖ ಅರಳಿಬಿಡ್ತು. ನಮ್ಮೂರಲ್ಲಿ ಆರ್ಕೆಸ್ಟ್ರಾಕ್ಕೆ ನುಡಿಸೋರು ಒಬ್ರಿದ್ರು ಸರ್, ಈಗಿಲ್ಲ, ಗಣಪತಿ ಪೆಂಡಾಲಲ್ಲಿ ಅವರ ಮುಂದೆನೇ ಕೂತು ನೋಡ್ತಿದ್ದೆ ಅಂದ. ಹತ್ತು ನಿಮಿಷ ಬರೀ ಅವರ ಬಗ್ಗೆನೇ ಮಾತಾಡ್ದ. ಸ್ಟೇಜ್ ಮೇಲೆ ಆ ಹೆಸರು ಒಂದು ಸಲನೂ ಬರ್ಲಿಲ್ಲ.

ನನಗೂ ಒಬ್ರು ಮೇಷ್ಟ್ರಿದ್ದಾರೆ, ಭದ್ರಾವತಿಲಿ. ಫ್ಯಾಕ್ಟರಿಲಿ ಶಿಫ್ಟ್ ಕೆಲಸ, ಸಂಜೆ ಆರ್ಕೆಸ್ಟ್ರಾ. ಮಾಮೂಲಿ ಗಿಟಾರ್ ತಗೊಂಡು, ಕುತ್ತಿಗೆ ತುದಿಲಿ ತಂತಿ ಕೂರೋ ನಟ್ ಮೇಲೆ ಒಂದು ಲೋಹದ ಪಟ್ಟಿ ಕೂರಿಸಿ ತಂತಿ ಎತ್ತರಿಸಿ ಹವಾಯನ್ ಗಿಟಾರ್, ಅಂದ್ರೆ ಈ ಮಲಗಿಸಿ ನುಡಿಸೋ ಗಿಟಾರ್, ಮಾಡ್ಕೊಂಡಿದ್ರು. ಬಾರ್ ಕೂಡ ಅಂಗಡಿದಲ್ಲ, ಲೇತ್ ಕೆಲಸದ ಸ್ನೇಹಿತರೊಬ್ರ ಹತ್ರ ಒಂದು ಸ್ಟೇನ್‌ಲೆಸ್ ಸ್ಟೀಲ್ ರಾಡಿನ ತುಂಡು ಕೊಟ್ಟು ತುದಿ ಗುಂಡಗೆ ಮಾಡ್ಸಿಕೊಂಡಿದ್ದು. ನಾನು ಮೊದಲ್ನೇ ಸಲ ಅದನ್ನ ಹಿಡಿದಾಗ ಅಷ್ಟು ಚಿಕ್ಕ ವಸ್ತು ಇಷ್ಟು ತೂಕನಾ ಅನ್ನಿಸಿತ್ತು. ಮೊದಲನೇ ತಿಂಗಳು ಹಾಡೇ ಇಲ್ಲ. ಬಾರ್ ಫ್ರೆಟ್, ಅಂದ್ರೆ ಗಿಟಾರ್ ಕುತ್ತಿಗೆ ಮೇಲಿನ ಅಡ್ಡ ಲೋಹದ ಗೆರೆಯ ನೇರ ಮೇಲೆ ಇರಬೇಕು, ಹಿಂದೆ ಅಲ್ಲ. ಬಾರ್ ಹಿಂದಿನ ಬೆರಳುಗಳು ತಂತಿ ಮೇಲೆ ಹಗುರವಾಗಿ ಮಲಗಿರಬೇಕು, ಇಲ್ದಿದ್ರೆ ಗರಗರ ಅನ್ನುತ್ತೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗೋವಾಗ ಎಲ್ಲಾ ಕಡೆ ಎಳೀಬೇಡ, ಎಲ್ಲಿ ಎಳೀಬಾರ್ದು ಅಂತ ಗೊತ್ತಾದ್ರೆ ಅರ್ಧ ವಿದ್ಯೆ ಬಂತು ಅನ್ನೋರು. ನಾನು ಕೈ ಅಲ್ಲಾಡಿಸೋದು ನೋಡಿ, ನಡುಗಿಸಬೇಡಪ್ಪ, ಉಸಿರಾಡಿಸು ಅಂದಿದ್ದು ಇವತ್ತಿಗೂ ಕಿವಿಲಿದೆ.

ಈ ವಾದ್ಯದ ಚರಿತ್ರೆ ತೆಗೆದು ನೋಡಿದ್ರೆ ಉದ್ದಕ್ಕೂ ಇಂಥೋರೇ. ಹವಾಯಿಯ ಲಾಯಿಎ ಅನ್ನೋ ಸಣ್ಣ ಊರಿನ ಜೋಸೆಫ್ ಕೆಕುಕು ಅನ್ನೋ ಹುಡುಗ, 1880ರ ದಶಕದ ಕೊನೇಲಿ, ಶಾಲೆಲಿ ಓದ್ತಿದ್ದಾಗ್ಲೇ ತಂತಿ ಮೇಲೆ ಲೋಹದ ತುಂಡು ಜಾರಿಸಿ ಈ ಶೈಲಿ ಬೆಳೆಸ್ದ. ಅದೇ ಲಾಯಿಎಲಿ ಬೆಳೆದ ಇನ್ನೊಬ್ರು ಟಾವು ಮೋ. ಹೆಂಡ್ತಿ ರೋಸ್, ಮಕ್ಕಳು ಎಲ್ಲಾ ಸೇರಿ ದೇಶ ದೇಶ ಸುತ್ತಿ ಹಾಡ್ತಿದ್ದ ಕುಟುಂಬ, 1940ರ ದಶಕದಲ್ಲಿ ಯುದ್ಧದ ಸಮಯದಲ್ಲಿ ಕಲ್ಕತ್ತಾದಲ್ಲಿ ಉಳ್ಕೊಂಡ್ರು. ಹೋಟೆಲಲ್ಲಿ ನುಡಿಸಿದ್ರು, ಕೇಳಿದೋರಿಗೆ ಹುಚ್ಚು ಹಿಡೀತು. ಅಲ್ಲಿನ ಗಾರ್ನಿ ನಿಸ್ ಅವರ ಅಲೋಹಾ ಬಾಯ್ಸ್ ಅನ್ನೋ ತಂಡದ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೀವಿ? ಆಮೇಲೆ ಬಂಗಾಳದ ಮನೆ ಮನೆಲಿ ಹವಾಯನ್ ಗಿಟಾರ್ ಕಲಿಯೋದು ಹಾರ್ಮೋನಿಯಂ ಕಲಿತಷ್ಟೇ ಸಹಜ ಆಗೋಯ್ತು. ಬಂಗಾಳಿ ಕವಿ ಕಾಜಿ ನಜ್ರುಲ್ ಇಸ್ಲಾಂ ಅವರ ಮಗ ಕಾಜಿ ಅನಿರುದ್ಧ, ಬಟುಕ್ ನಂದಿ, ಸುನಿಲ್ ಗಂಗೂಲಿ ಇವರೆಲ್ಲ ಆ ಮಣ್ಣಲ್ಲೇ ಬೆಳೆದೋರು. ಈ ಕಡೆ ಬಾಂಬೆಲಿ ವ್ಯಾನ್ ಶಿಪ್ಲಿ, ಹಜಾರಾ ಸಿಂಗ್.

ಟಾವು ಮೋ ಕಥೆಲಿ ಒಂದು ಭಾಗ ಓದಿದಾಗೆಲ್ಲ ನನಗೆ ಕಣ್ಣಲ್ಲಿ ನೀರು ಬರುತ್ತೆ. ಅಮೆರಿಕದ ಬಾಬ್ ಬ್ರೋಜ್‌ಮನ್ ಅನ್ನೋ ಗಿಟಾರಿಸ್ಟು ಹಳೇ ಹವಾಯನ್ 78 ಆರ್‌ಪಿಎಂ ಗ್ರಾಮಫೋನ್ ಪ್ಲೇಟುಗಳನ್ನ ಹುಡುಕಿ ಹುಡುಕಿ ಕೇಳಿ ಕಲಿತ ಮನುಷ್ಯ. 1980ರ ದಶಕದಲ್ಲಿ ಅವನ ರೆಕಾರ್ಡ್ ಬೇಕು ಅಂತ ಹವಾಯಿಯಿಂದ ಒಂದು ಪತ್ರ ಬರುತ್ತೆ, ಕಳಿಸಿದೋರ ಹೆಸರು ಟಾವು ಮೋ. ಯಾರು 1929ರಲ್ಲಿ ನುಡಿಸಿದ ಪ್ಲೇಟ್ ಕೇಳಿ ಇವನು ಕಲಿತಿದ್ನೋ ಅವರೇ! ಬದುಕಿದ್ದಾರೆ, ದೇಶಾಂತರ ಎಲ್ಲಾ ಮುಗಿಸಿ ಊರಿಗೆ ವಾಪಸ್ ಬಂದು ಕೂತಿದ್ದಾರೆ. ಬ್ರೋಜ್‌ಮನ್ ಹೋಗಿ ಆ ಹಳೇ ಹಾಡುಗಳನ್ನ ಅವರ ಕುಟುಂಬದ ಜೊತೆನೇ ಕೂತು ಮತ್ತೆ ರೆಕಾರ್ಡ್ ಮಾಡ್ದ, 1989ರಲ್ಲಿ ಆಲ್ಬಂ ಬಂತು. 60 ವರ್ಷ ಆದ್ಮೇಲೆ ಅದೇ ರೋಸ್ ಅಜ್ಜಿ ಹಾಡಿದ್ದಾರೆ. ಆ ಪತ್ರ ಬರದೇ ಇದ್ದಿದ್ರೆ?

ಇನ್ನೊಂದು ಅಮೆರಿಕದ್ದೇ ಕಥೆ, ಇದು ನಮ್ಮ ಭಜನಾ ಮಂಡಳಿಗಳಿಗೆ ಬಹಳ ಹತ್ರ ಅನ್ಸುತ್ತೆ. ಅಲ್ಲಿ ಕರಿಯರ ಕೆಲವು ಚರ್ಚ್‌ಗಳಲ್ಲಿ ಆರ್ಗನ್ ಬದಲು ಸ್ಟೀಲ್ ಗಿಟಾರೇ, ಅಂದ್ರೆ ಇದೇ ಬಾರ್ ಜಾರಿಸಿ ನುಡಿಸೋ ಗಿಟಾರೇ, ಮುಖ್ಯ ವಾದ್ಯ. 1930ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಟ್ರೋಮನ್ ಈಸನ್ ಅನ್ನೋರು ಒಬ್ಬ ಹವಾಯಿಯವರ ಹತ್ರ ಪಾಠ ಹೇಳಿಸ್ಕೊಂಡ್ರು. ಅವರ ತಮ್ಮ ವಿಲ್ಲಿ ಮನೇಲಿ ಅದನ್ನ ಕೇಳ್ತಾ ಕೇಳ್ತಾ ಹವಾಯನ್ ಧಾಟಿನೇ ಬಿಟ್ಟು ಒಂದೇ ತಂತಿ ಮೇಲೆ ಮನುಷ್ಯರ ದನಿ ತೆಗೆಯೋಕೆ ಶುರು ಮಾಡ್ದ. ಗಿಟಾರ್ ಅಳುತ್ತೆ, ಗಿಟಾರ್ ಕೂಗುತ್ತೆ, ಹಾಡೋರು ಅರ್ಧಕ್ಕೆ ನಿಲ್ಲಿಸಿದ ಸಾಲನ್ನ ಗಿಟಾರ್ ಮುಗಿಸುತ್ತೆ. ಅವರನ್ನ ನೋಡಿ ಫ್ಲೋರಿಡಾದ ಹೆನ್ರಿ ನೆಲ್ಸನ್ ಕಲಿತ್ರು, ಆಮೇಲೆ ಅವರ ಮಗ ಆಬ್ರಿ ಘೆಂಟ್, ಡೆಟ್ರಾಯಿಟ್ ಕಡೆ ಟೆಡ್ ಬಿಯರ್ಡ್, ಕ್ಯಾಲ್ವಿನ್ ಕುಕ್ ಬಂದ್ರು. ಚರ್ಚ್ ಒಳಗೆ ಇವರೆಲ್ಲ ದೇವರ ಸಮಾನ, ಚರ್ಚ್ ಗೇಟ್ ದಾಟಿದ್ರೆ ಯಾರಿಗೂ ಗೊತ್ತಿಲ್ಲ. ಹತ್ತಿರತ್ತಿರ 60 ವರ್ಷ ಹೀಗೇ ನಡೀತು. 1990ರ ದಶಕದ ಶುರುನಲ್ಲಿ ರಾಬರ್ಟ್ ಸ್ಟೋನ್ ಅನ್ನೋ ಜಾನಪದ ಸಂಶೋಧಕರು ಫ್ಲೋರಿಡಾದ ಆ ಚರ್ಚ್‌ಗಳಿಗೆ ಹೋಗಿ ಕೂತು ರೆಕಾರ್ಡ್ ಮಾಡಿದ್ರು, 1997ರಲ್ಲಿ ಆರ್ಹೂಲಿ ಕಂಪನಿ ಸಿಡಿ ತಂತು. ಆಮೇಲೆ ಅದೇ ಪರಂಪರೆಯ ರಾಬರ್ಟ್ ರಾಂಡಾಲ್ಫ್ ಅನ್ನೋ ಹುಡುಗ ದೊಡ್ಡ ದೊಡ್ಡ ಸ್ಟೇಜ್ ಹತ್ತಿದ. ಆ ರಾಂಡಾಲ್ಫ್ ಇವತ್ತಿಗೂ ಟೆಡ್ ಬಿಯರ್ಡ್, ಕ್ಯಾಲ್ವಿನ್ ಕುಕ್ ಅಂತ ಚರ್ಚಿನ ಹಿರಿಯರ ಹೆಸರು ಹೇಳ್ತಾನೆ. ನಾನು ಕೇಳ್ತಿರೋದು ಇಷ್ಟೇ!

ನಮ್ಮಲ್ಲಿ ಏನಾಗಿದೆ ಅಂದ್ರೆ, ಆರ್ಕೆಸ್ಟ್ರಾದವರು ಅಂದ ತಕ್ಷಣ ಅವರು ಕಲಾವಿದರ ಲೆಕ್ಕಕ್ಕೇ ಬರಲ್ಲ. ಬರೀ ಸಿನಿಮಾ ಹಾಡು ನುಡಿಸಿದೋರು ಅಂತಾರೆ. ಬರೀ ಅಂದ್ರೆ ಏನು? ಮದುವೆ ಮನೆಲಿ ಊಟದ ಗಲಾಟೆ ನಡುವೆ, ಕೆಟ್ಟ ಮೈಕಲ್ಲಿ, ಪಲ್ಲವಿ ನುಡಿಸಿದ ತಕ್ಷಣ ಎಲೆ ಮುಂದೆ ಕೂತಿರೋ ಅಜ್ಜಿ ಬಾಯಲ್ಲಿ ಸಾಹಿತ್ಯ ಬರಬೇಕು, ಅದು ಸುಲಭನಾ? ಒಂದು ಒತ್ತಕ್ಷರದ ಪೆಟ್ಟು, ಒಂದು ದೀರ್ಘ, ಗಾಯಕ ಉಸಿರು ತಗೊಂಡ ಜಾಗ, ಎಲ್ಲಾನೂ ಬಾರಲ್ಲೇ ಹೇಳ್ಬೇಕು. ವಿಲ್ಲಿ ಈಸನ್ ಚರ್ಚಲ್ಲಿ ಮಾಡಿದ್ದೂ ಅದೇ, ಸುನಿಲ್ ಗಂಗೂಲಿ ಪ್ಲೇಟಲ್ಲಿ ಮಾಡಿದ್ದೂ ಅದೇ, ನಮ್ಮ ಮೇಷ್ಟ್ರು ಭದ್ರಾವತಿ ಛತ್ರದಲ್ಲಿ ಮಾಡಿದ್ದೂ ಅದೇ.

ಶಾಸ್ತ್ರೀಯದವರನ್ನ ಕಡಿಮೆ ಮಾಡ್ತಿಲ್ಲ ನಾನು. ಜೋಧಪುರದ ಬ್ರಿಜ್ ಭೂಷಣ್ ಕಾಬ್ರಾ ಅವರು ಈ ವಾದ್ಯದಲ್ಲಿ ರಾಗ ನಿಲ್ಲುತ್ತೆ ಅಂತ ತೋರಿಸದೇ ಇದ್ದಿದ್ರೆ ಇವತ್ತಿನ ಎಷ್ಟೋ ಜನ ಈ ಕಡೆ ಬರ್ತಾನೇ ಇರ್ಲಿಲ್ಲ. 1967ರಲ್ಲಿ ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಜೊತೆ ಮಾಡಿದ ಕಾಲ್ ಆಫ್ ದ ವ್ಯಾಲಿ ಅನ್ನೋ ಆ ಒಂದು ರೆಕಾರ್ಡಲ್ಲಿ ಸಂತೂರು, ಕೊಳಲು ಎರಡೂ ಎಲ್ಲರಿಗೂ ನೆನಪಿದೆ, ಗಿಟಾರ್ ನುಡಿಸಿದ್ದು ಯಾರು ಅಂತ ಕೇಳಿ ನೋಡಿ, ಹತ್ತರಲ್ಲಿ ಇಬ್ರು ಹೇಳಿದ್ರೆ ಹೆಚ್ಚು. ಅಷ್ಟು ದೊಡ್ಡೋರ ಪಾಡೇ ಹೀಗಾದ್ರೆ ಊರಿನ ಮೇಷ್ಟ್ರ ಪಾಡೇನು. ಹಾಗೆ ನೋಡಿದ್ರೆ ತಂತಿ ಮೇಲೆ ಜಾರಿಸಿ ನುಡಿಸೋದು ನಮಗೆ ಹೊರಗಿನ ವಿದ್ಯೆನೂ ಅಲ್ಲ, ವೀಣೆ ಥರದ, ಮೆಟ್ಟಿಲಿಲ್ಲದ ಗೋಟುವಾದ್ಯ ಇದೆಯಲ್ಲ, ನಾರಾಯಣ ಅಯ್ಯಂಗಾರ್ ಅವರು ಮೈಸೂರು ಆಸ್ಥಾನದಲ್ಲಿ ನುಡಿಸಿದ್ದು ಅದನ್ನೇ. ಮೈಸೂರಲ್ಲೇ ಎಷ್ಟು ಸಂಗೀತದ ಹುಡುಗರಿಗೆ ಆ ವಾದ್ಯ ಕಣ್ಣಲ್ಲಿ ನೋಡಿ ಗೊತ್ತಿದೆ?

ಅದಕ್ಕೇ ಗಿಟಾರ್ ನುಡಿಸೋ ಸ್ನೇಹಿತರಲ್ಲಿ ಒಂದು ಕೇಳ್ಕೋತೀನಿ. ನಿಮ್ಮ ಪರಿಚಯ ಬರೆದು ಕೊಡುವಾಗ ಮೊದಲನೇ ಸಾಲಲ್ಲಿ ಮೊದಲನೇ ಮೇಷ್ಟ್ರ ಹೆಸರು ಬರೀರಿ, ಊರಿನ ಹೆಸರು ಬರೀರಿ. ದೊಡ್ಡ ಗುರುಗಳು ಯಾರೂ ಅದಕ್ಕೆ ಬೇಜಾರು ಮಾಡ್ಕೊಳಲ್ಲ. ಇನ್ನು ಮನೆಲಿ ಹಳೇ ಆರ್ಕೆಸ್ಟ್ರಾ ಕ್ಯಾಸೆಟ್ ಇರೋರು ದಯವಿಟ್ಟು ಅದನ್ನ ಗುಜರಿಗೆ ಹಾಕ್ಬೇಡಿ, ಅಟ್ಟದ ಮೇಲೆ ಫಂಗಸ್ ಹಿಡಿಯೋಕ್ಕೂ ಬಿಡ್ಬೇಡಿ. ನಮ್ಮ ಮೇಷ್ಟ್ರದ್ದು ಎರಡು ಕ್ಯಾಸೆಟ್ ನನ್ನ ಹತ್ರ ಇತ್ತು. ಒಂದನ್ನ ಕಾಪಿ ಮಾಡೋಕೆ ಅಂತ ಒಂದು ಅಂಗಡಿಗೆ ಕೊಟ್ಟಿದ್ದೆ, ಕಳೆದುಹಾಕಿಬಿಟ್ರು. ಅದರಲ್ಲಿ ಅವರು ಶಿವರಂಜಿನಿಲಿ ಸುಮ್ನೆ ತಮಗೋಸ್ಕರ ನುಡಿಸಿಕೊಂಡ ಹತ್ತು ನಿಮಿಷ ಇತ್ತು, ಹಿಂದೆ ಮಳೆ ಸದ್ದು, ನಡುವೆ ಅವರ ಮನೆಯವ್ರು ಕಾಫಿಗೆ ಕರೆಯೋದು ಎಲ್ಲಾ ಕೇಳಿಸ್ತಿತ್ತು. ಹೋಯ್ತು. ಇನ್ನೊಂದನ್ನ ನಾನೇ ಕೂತು ಕಂಪ್ಯೂಟರ್‌ಗೆ ಹಾಕ್ಕೊಂಡಿದ್ದೀನಿ.

ಮೇಷ್ಟ್ರಿಗೆ ಈಗ 78. ಎಡಗೈ ಸ್ವಲ್ಪ ನಡುಗುತ್ತೆ, ಮೊದಲಿನ ಹಾಗೆ ಬಾರ್ ನಿಲ್ಲಲ್ಲ ಅಂತಾರೆ. ನಿನ್ನೆ ಫೋನ್ ಮಾಡಿ ಭಾನುವಾರ ರೆಕಾರ್ಡರ್ ತಗೊಂಡು ಬರ್ತೀನಿ ಸರ್, ಏನು ನುಡಿಸ್ತೀರೋ ನುಡಿಸಿ ಅಂದೆ. ಈಗ್ಯಾಕಪ್ಪ ಅದೆಲ್ಲ ಅಂದ್ರು, ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ ಅವರೇ ಹೇಳಿದ್ರು, ಮೂರನೇ ತಂತಿ ಕಟ್ಟಾಗಿ ಆರು ತಿಂಗಳಾಯ್ತು, ಬರ್ತಾ ಒಂದು ಸೆಟ್ ತಗೊಂಡು ಬಾ.