ಸತ್ಯಾಂಶ: ಖಾತೆ ಇದ್ದರೆ ಮಾಲೀಕತ್ವ ಸಿಕ್ಕಂತೆಯೇ?

ಖಾತೆ ನಿಮ್ಮ ಹೆಸರಿಗೆ ಬಂದು, ಆಸ್ತಿ ತೆರಿಗೆಯ ರಸೀದಿ ಕೈಯಲ್ಲಿದ್ದರೆ ನಿವೇಶನ ನಿಮ್ಮದೇ, ಕ್ರಯಪತ್ರದ ಚಿಂತೆ ಬೇಡ ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದು ತಪ್ಪು.

ಖಾತೆ ಎಂಬುದು ತೆರಿಗೆ ಯಾರಿಂದ ವಸೂಲಾಗಬೇಕು ಎಂದು ನಗರಾಡಳಿತ ಇಟ್ಟುಕೊಳ್ಳುವ ದಾಖಲೆ. ಕಟ್ಟಡ ಪರವಾನಗಿಗೂ ಬ್ಯಾಂಕ್ ಸಾಲಕ್ಕೂ ಅದನ್ನು ಕೇಳುತ್ತಾರೆ. ಈ ಗೊಂದಲ ಹುಟ್ಟಿದ್ದು ಬಹುಶಃ ಅಲ್ಲಿಂದಲೇ. ಆದರೆ ಅದು ಹಕ್ಕುಪತ್ರವಲ್ಲ. ನ್ಯಾಯಾಲಯಗಳೂ ಇದನ್ನು ಹಲವು ಬಾರಿ ಹೇಳಿವೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ, 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ನಿವೇಶನ, ಮನೆಗಳ ಮಾರಾಟ ನೋಂದಾಯಿತ ಕ್ರಯಪತ್ರದಿಂದಲೇ ಆಗಬೇಕು. ಇಂದಿನ ಯಾವ ನಿವೇಶನದ ಬೆಲೆಯೂ 100 ರೂಪಾಯಿಗಿಂತ ಕಡಿಮೆ ಇರುವುದಿಲ್ಲ.

ಇಂಥ ಸಂದೇಶ ಬಂದಾಗ ಮೊದಲು ಅದರಲ್ಲಿ ಕಾಯ್ದೆಯ ಹೆಸರು, ಆದೇಶದ ಸಂಖ್ಯೆ, ದಿನಾಂಕ ಇವೆಯೇ ನೋಡಿ. ಇದ್ದರೆ ಮೂಲ ಪಠ್ಯವನ್ನೇ ಓದಿ. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಆಸ್ತಿ ಕೊಳ್ಳುವವರು ರಾಜ್ಯದ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರಕ್ಕೆ, ಅಂದರೆ ಆ ಆಸ್ತಿಯ ಮಾರಾಟ, ಅಡಮಾನಗಳ ಪಟ್ಟಿಗೆ (ಇ.ಸಿ.), ಅರ್ಜಿ ಹಾಕಬಹುದು. ನೋಂದಣಿಯಾದ ವ್ಯವಹಾರಗಳಷ್ಟೇ ಅದರಲ್ಲಿ ಕಾಣುತ್ತವೆ. ಆದ್ದರಿಂದ ಹಳೆಯ ಕ್ರಯಪತ್ರಗಳ ಸರಣಿಯನ್ನು ವಕೀಲರಿಗೆ ತೋರಿಸಿ, ಆಮೇಲೆ ಮುಂಗಡ ಕೊಡಿ.

ಸಂದೇಶ ಕಳುಹಿಸಿದವರು ಒಳ್ಳೆಯದಾಗಲೆಂದೇ ಕಳುಹಿಸಿರುತ್ತಾರೆ. ಅವರಿಗೂ ಇದನ್ನು ಸಮಾಧಾನದಿಂದ ತಿಳಿಸಿ.