ಕೊನೆಯ ಎರಡು ಚಮಚ ಡಿಕಾಕ್ಷನ್

ನಮ್ಮ ಮನೆಯಲ್ಲಿ ಒಂದು ಕಾನೂನಿದೆ. ಡಿಕಾಕ್ಷನ್ ಖಾಲಿ ಮಾಡಿದವರೇ ಫಿಲ್ಟರ್ ತೊಳೆಯಬೇಕು. ಕಾನೂನು ಮಾಡಿದ್ದು ನಾನೇ. ಅನುಭವಿಸುತ್ತಿರುವುದೂ ನಾನೇ.

ಇವತ್ತು ಬೆಳಿಗ್ಗೆ ಹಾಲು ಕಾಯಿಸಿ, ಸಕ್ಕರೆ ಹಾಕಿಟ್ಟು, ಫಿಲ್ಟರ್ ಮುಚ್ಚಳ ತೆಗೆದರೆ ತಳದಲ್ಲಿ ಎರಡೇ ಚಮಚ. ಚಿಕ್ಕಮಗಳೂರಿನಲ್ಲಿ ಮನೆ, ಕಿಟಕಿ ತೆಗೆದರೆ ಗಿರಿ ಕಾಣುತ್ತದೆ, ಕುಡಿಯಲು ಒಂದು ಲೋಟ ಕಾಫಿ ಇಲ್ಲ.

"ರೀ, ಖಾಲಿ ಮಾಡಿ ಹಂಗೇ ಇಟ್ಟಿದ್ದೀರಲ್ಲ?"

"ಖಾಲಿ ಎಲ್ಲಾಗಿದೆ? ಇನ್ನೂ ಇದೆಯಲ್ಲ" ಎಂದರು ನಮ್ಮವರು, ಪೇಪರಿನಿಂದ ತಲೆ ಎತ್ತದೆ. ಸಿಟ್ಟಿಗೆ ಬರೀ ಹಾಲು ಕುಡಿದೆ.

ಇವರ ಕ್ರಮ ನೋಡಬೇಕು. ಎಷ್ಟಿದೆಯೋ ಅದರಲ್ಲಿ ಸರಿಯಾಗಿ ಅರ್ಧ. ಬಗ್ಗಿಸುವುದು, ಪಾತ್ರೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುವುದು, ಜಾಸ್ತಿ ಬಂತು ಅನಿಸಿದರೆ ಲೋಟದಿಂದ ವಾಪಸ್ ಹುಯ್ಯುವುದು. ಬಂಗಾರ ತೂಗುವವರೂ ಇಷ್ಟು ನಿಗಾ ಇಡುವುದಿಲ್ಲ. ಒಂದು ಸಲ ಕರೆಂಟ್ ಹೋದಾಗ ಮೊಬೈಲ್ ಟಾರ್ಚ್ ಬಿಟ್ಟುಕೊಂಡು ಅಳೆದಿದ್ದಾರೆ! ಅಷ್ಟು ಹೊತ್ತಿನಲ್ಲಿ ಎರಡು ಫಿಲ್ಟರ್ ತೊಳೆಯಬಹುದಿತ್ತು.

ಪಿಯುಸಿ ಓದುವ ಮಗಳಿಗೆ ನಗು. "ಅಮ್ಮಾ, ಇದು ಗುಣೋತ್ತರ ಶ್ರೇಢಿ. 1/2, 1/4, 1/8, 1/16... ಅಪ್ಪ ಹೀಗೇ ಕೊನೆಯಿಲ್ಲದೆ ಕುಡಿದರೂ ಒಟ್ಟು ಒಂದೇ ಲೋಟ."

ನಮ್ಮಜ್ಜಿ ಲೆಕ್ಕದಲ್ಲಿ ಅರ್ಧ, ಕಾಲು, ಅರೆಕಾಲು, ವೀಸ. ಹಿಂದಿನ ಪದವನ್ನು ಯಾವುದರಿಂದ ಗುಣಿಸಿದರೆ ಮುಂದಿನದು ಬರುತ್ತದೋ ಅದು ಅನುಪಾತ; ಒಟ್ಟು ಮೊತ್ತ ಬೇಕಾದರೆ ಒಂದರಲ್ಲಿ ಅದನ್ನು ಕಳೆದು, ಬಂದಿದ್ದರಿಂದ ಮೊದಲ ಪದವನ್ನು ಭಾಗಿಸಬೇಕಂತೆ. ಇಲ್ಲಿ ಅರ್ಧವನ್ನು ಅರ್ಧದಿಂದ ಭಾಗಿಸಿದರೆ ಒಂದು. ಹತ್ತು ಸಲ ಬಗ್ಗಿಸಿದ ಮೇಲೆ ಉಳಿಯುವುದು 1024ರಲ್ಲಿ ಒಂದು ಪಾಲು. 200 ಮಿ.ಲೀ. ಲೋಟವಾದರೆ ಮೂರು-ನಾಲ್ಕು ಹನಿ. ಆಗಲೂ "ಇನ್ನೂ ಇದೆಯಲ್ಲ"!

"ಎಲ್ಲದಕ್ಕೂ ಹೀಗೆ ಮೊತ್ತ ಸಿಗುತ್ತಾ?"

"ಇಲ್ಲಮ್ಮ. ಅನುಪಾತ 1 ಮತ್ತು -1ರ ಮಧ್ಯೆ ಇರಬೇಕು."

ಬಾಬಾಬುಡನ್ ಯೆಮನ್‌ನಿಂದ ತಂದರು ಅನ್ನುವ ಆ 7 ಕಾಫಿ ಬೀಜ ನೆನಪಾಯಿತು. ಒಂದೊಂದು ಗಿಡಕ್ಕೂ ಒಂದಕ್ಕಿಂತ ಜಾಸ್ತಿ ಗಿಡ ಹುಟ್ಟಿದ್ದಕ್ಕೇ ಅಲ್ವಾ ಗುಡ್ಡವೆಲ್ಲ ತೋಟವಾಗಿದ್ದು? ಅನುಪಾತ ಹಾಗಿದ್ದರೆ ಕೂಡುತ್ತಾ ಹೋದಷ್ಟೂ ಬೆಳೆಯುತ್ತದೆ, ಮೊತ್ತ ಅಂತ ಇರುವುದಿಲ್ಲ. ಸರಿಯಾಗಿ -1 ಆದರೆ ಇನ್ನೂ ತಮಾಷೆ. 1, -1, 1, -1 ಅಂತ ಕೂಡುತ್ತಾ ಹೋದರೆ ಮೊತ್ತ 1, 0, 1, 0 ಅಂತ ಸುಮ್ನೆ ಕುಣಿಯುತ್ತಿರುತ್ತದೆ. ಒಂದು ದಿನ "ನಾನೇ ತೊಳೀತೀನಿ", ಮಾರನೇ ದಿನ "ಸೊಂಟ ನೋವು".

ಅತ್ತೆ ಇದ್ದಾಗ ಈ ಕಾನೂನೇ ಬೇಕಿರಲಿಲ್ಲ. ಕೊನೆಯ ಗುಟುಕು ಅವರದೇ. ತಣ್ಣಗಾಗಿದ್ದರೂ ಕುಡಿದು, ಚರಟವನ್ನು ಗುಲಾಬಿ ಗಿಡದ ಬುಡಕ್ಕೆ ಸುರಿದು, ಫಿಲ್ಟರ್ ತೊಳೆದು ಬೋರಲು ಹಾಕುತ್ತಿದ್ದರು. ಯಾವ ಹೊತ್ತಿನಲ್ಲಿ ಅಂತ ನಾವ್ಯಾರೂ ನೋಡಿದವರಲ್ಲ.

ಸಂಜೆ ಐದಕ್ಕೆ ಮತ್ತೆ ಮುಚ್ಚಳ ತೆಗೆದೆ. ಒಂದು ಚಮಚ ಇತ್ತು.